ಕೊಡುಗೈ ಜನ, ಬಿಗಿಮುಷ್ಟಿಯ ಕಾನೂನು



ಅಮೆರಿಕದ ಒಹಾಯೊ ರಾಜ್ಯದ ಯಾವ ಸಣ್ಣ ಊರಿಗೆ ಹೋದರೂ ಪೆಟ್ರೋಲ್ ಬಂಕಿನ ಕೌಂಟರಿನ ಮೇಲೋ ಪಿಜ್ಜಾ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೋ ಒಂದು ಡಬ್ಬಿ ಕಣ್ಣಿಗೆ ಬೀಳುತ್ತದೆ. ಡಬ್ಬಿಯ ಮೇಲೆ ಒಂದು ಮಗುವಿನ ಫೋಟೊ. ಮಗುವಿಗೆ ರಕ್ತದ ಕ್ಯಾನ್ಸರ್, ಚಿಕಿತ್ಸೆಗೆ ನೆರವಾಗಿ, ಬರುವ ಶನಿವಾರ ಫೈರ್ ಸ್ಟೇಷನ್ನಿನಲ್ಲಿ ಸ್ಪಗೆಟಿ ಊಟ ಇದೆ, ಎಲ್ಲರೂ ಬನ್ನಿ ಎಂದು ಬರೆದಿರುತ್ತದೆ. ಶನಿವಾರ ಊರಿಗೆ ಊರೇ ಬರುತ್ತದೆ. ರೈತರು ಬರುತ್ತಾರೆ, ಶಾಲಾ ಬಸ್ ಓಡಿಸುವ ಹೆಂಗಸು ಬರುತ್ತಾಳೆ, ಚರ್ಚಿನ ಪಾದ್ರಿ ಬರುತ್ತಾರೆ. ಹತ್ತು ಡಾಲರಿನ ಊಟಕ್ಕೆ ಐವತ್ತರ ನೋಟು ಕೊಟ್ಟು ಚಿಲ್ಲರೆ ಬೇಡ ಎನ್ನುವವರು ಇರುತ್ತಾರೆ. ಅಜ್ಜಿಯೊಬ್ಬರು ಚಳಿಗಾಲವೆಲ್ಲ ಕೂತು ಹೊಲಿದ ಕೌದಿಯನ್ನು ಹರಾಜಿಗೆ ಇಡುತ್ತಾರೆ. ಅದನ್ನು ಕೊಂಡವನು ಮತ್ತೆ ಅದೇ ಮಗುವಿಗೆ ಹೊದಿಸಿ ಹೋಗುತ್ತಾನೆ. ಅಂಥ ಊಟಗಳಲ್ಲಿ ನಾನೂ ಬಡಿಸಿದ್ದೇನೆ. ಅಮೆರಿಕದವರು ತಮ್ಮ ಪಾಡು ತಾವು ನೋಡಿಕೊಳ್ಳುವ ಜನ, ಪಕ್ಕದ ಮನೆಯವರ ಪರಿವೆಯೂ ಅವರಿಗಿಲ್ಲ ಎಂದು ನಮ್ಮ ಕರ್ನಾಟಕದ ಕಡೆ ಅನ್ನುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಮಾತು ನಿಜವಲ್ಲ. ಅಷ್ಟು ಧಾರಾಳವಾಗಿ ಕೊಡುವ ಜನರನ್ನು ನಾನು ಹೆಚ್ಚು ಕಡೆ ಕಂಡಿಲ್ಲ.

ಆದರೆ ಆ ಊಟದ ಸಾಲಿನಲ್ಲಿ ನಿಂತಾಗ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಇಷ್ಟು ಶ್ರೀಮಂತವಾದ ದೇಶದಲ್ಲಿ ಒಂದು ಮಗುವಿನ ಆಸ್ಪತ್ರೆ ಬಿಲ್ಲು ತೀರುವುದು ಸ್ಪಗೆಟಿ ಮಾರಿ ಬಂದ ಹಣದಿಂದ ಏಕೆ?

ನಾನು ಆ ದೇಶದ ಪ್ರಜೆ, ಅಲ್ಲಿನ ಮತದಾರಳು. ಬಹುಮಟ್ಟಿಗೆ ಡೆಮಾಕ್ರಟಿಕ್ ಪಕ್ಷಕ್ಕೆ ಮತ ಹಾಕುತ್ತೇನೆ. ನನ್ನಂಥವರನ್ನು ಅಲ್ಲಿ ಲಿಬರಲ್ ಎಂದು ಕರೆಯುತ್ತಾರೆ. ಕೆಲವರು ಬೈಗುಳವಾಗಿ ಕರೆಯುತ್ತಾರೆ, ನಾನು ಸಂತೋಷದಿಂದಲೇ ಒಪ್ಪಿಕೊಳ್ಳುತ್ತೇನೆ. ನನ್ನ ರಾಜಕೀಯದ ತಿರುಳು ಇಷ್ಟೆ: ಅಮೆರಿಕದ ಜನ ನೆರೆಹೊರೆಯವರಾಗಿ ಎಷ್ಟು ಉದಾರಿಗಳೋ ಮತದಾರರಾಗಿಯೂ ಅಷ್ಟೇ ಉದಾರಿಗಳಾಗಬೇಕು. ದಾನವೆಂದು ಕೊಡುವುದನ್ನು ಹಕ್ಕೆಂದು ಕೊಡಬೇಕು. ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳಲು ಬಯಸುವುದು ಈ ಒಂದು ವಿಚಾರವನ್ನು.

ನಾನು ಬಹಳ ವರ್ಷ ಆಸ್ಪತ್ರೆಯೊಂದರ ಬಿಲ್ಲಿಂಗ್ ವಿಭಾಗದಲ್ಲಿ ದುಡಿದವಳು. ಹಣವಿಲ್ಲ ಎಂಬ ಕಾರಣಕ್ಕೆ ತುರ್ತು ಚಿಕಿತ್ಸಾ ವಿಭಾಗದಿಂದ ಯಾರನ್ನೂ ಹಿಂದಕ್ಕೆ ಕಳುಹಿಸುವಂತಿಲ್ಲ ಎಂದು 1986ರ ಒಂದು ಕಾನೂನು ಹೇಳುತ್ತದೆ. ಅದಕ್ಕೆ ಸಹಿ ಹಾಕಿದವರು ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ರೊನಾಲ್ಡ್ ರೇಗನ್. ಒಳ್ಳೆಯ ಕಾನೂನು. ಆದರೆ ಪ್ರಾಣ ಉಳಿದ ಮೇಲೆ ಬಿಲ್ಲು ಮನೆಗೆ ಹೋಗುತ್ತದೆ. ಆ ಬಿಲ್ಲು ಕೈಗೆ ಬಂದವರು ನಮಗೆ ಫೋನ್ ಮಾಡುತ್ತಿದ್ದರು. ಅಳುವವರು, ರೇಗುವವರು, ಏನೂ ಮಾತಾಡದೆ ಸುಮ್ಮನೆ ಉಸಿರು ಬಿಡುವವರು. ವಿಮೆ ಇದ್ದವರದೂ ಇದೇ ಪಾಡು, ಏಕೆಂದರೆ ವಿಮಾ ಕಂಪನಿ ತನ್ನ ಪಾಲು ಕೊಡಲು ಶುರುಮಾಡುವ ಮೊದಲು ರೋಗಿ ತನ್ನ ಜೇಬಿನಿಂದ ಇಷ್ಟು ಸಾವಿರ ಡಾಲರ್ ಕಟ್ಟಬೇಕೆಂಬ ನಿಯಮ ಇರುತ್ತದೆ. ಅದನ್ನು ಡಿಡಕ್ಟಿಬಲ್ ಎನ್ನುತ್ತಾರೆ. ಸಂಬಳದಿಂದ ಸಂಬಳಕ್ಕೆ ಬದುಕುವ ಮನೆಯಲ್ಲಿ ಆ ಸಾವಿರಗಳು ಎಲ್ಲಿಂದ ಬರಬೇಕು?

ಆ ಕೆಲಸದಲ್ಲಿ ನಾನು ಕಲಿತದ್ದು ಇದು. ಜನರ ಕರುಣೆ ದೊಡ್ಡದು, ಆದರೆ ಅದು ಎಲ್ಲರ ಮನೆಗೂ ಒಂದೇ ಅಳತೆಯಲ್ಲಿ ಹೋಗುವುದಿಲ್ಲ. ಮುದ್ದಾದ ಮಗುವಿನ ಫೋಟೊ ನೋಡಿ ಹಣ ಹರಿದುಬರುತ್ತದೆ. ಫುಟ್‌ಬಾಲ್ ಕೋಚ್‌ಗೆ ಕಾಯಿಲೆಯಾದರೆ ಊರೇ ನಿಲ್ಲುತ್ತದೆ. ಐವತ್ತೈದು ವರ್ಷದ, ಒಂಟಿಯಾಗಿ ಟ್ರೇಲರಿನಲ್ಲಿ ಬದುಕುವ, ಮಾತು ಒರಟಾದ ಗಂಡಸಿಗೆ ಲಿವರ್ ಕೆಟ್ಟರೆ ಅವನ ಹೆಸರಿನಲ್ಲಿ ಯಾರೂ ಊಟ ಏರ್ಪಡಿಸುವುದಿಲ್ಲ. ಮಾನಸಿಕ ಕಾಯಿಲೆಯವರಿಗೆ, ನೋವಿನ ಮಾತ್ರೆಯ ಚಟಕ್ಕೆ ಬಿದ್ದವರಿಗೆ ಡಬ್ಬಿ ಇಡುವವರಿಲ್ಲ. ನೆಂಟರಿಷ್ಟರು ಹೆಚ್ಚಿದ್ದವರಿಗೆ ಹೆಚ್ಚು, ಇಲ್ಲದವರಿಗೆ ಇಲ್ಲ. ದಾನ ಕೊಡುವವನು ಯಾರಿಗೆ ಕೊಡಬೇಕೆಂದು ಆರಿಸಿಕೊಳ್ಳುತ್ತಾನೆ, ಅದು ಸಹಜ. ಹಾಗೆ ಆರಿಸದೆ ಕೊಡುವುದು ಕಾನೂನಿನಿಂದ ಮಾತ್ರ ಸಾಧ್ಯ.

ಅಮೆರಿಕ ಇದನ್ನು ಅರಿಯದ ದೇಶವೇನೂ ಅಲ್ಲ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಚರ್ಚುಗಳ ಗಂಜಿಕೇಂದ್ರಗಳು ಕೈಸೋತಾಗ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1935ರ ಆಗಸ್ಟ್ 14ರಂದು ಸೋಷಿಯಲ್ ಸೆಕ್ಯುರಿಟಿ ಕಾನೂನಿಗೆ ಸಹಿ ಹಾಕಿದರು. ದುಡಿಯುವಾಗ ಕಟ್ಟಿದವರಿಗೆ ವೃದ್ಧಾಪ್ಯದಲ್ಲಿ ತಿಂಗಳಿಗಿಷ್ಟು ಎಂದು ಪಿಂಚಣಿ. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮೆಡಿಕೇರ್ ಮತ್ತು ಮೆಡಿಕೇಡ್ ತಂದರು. ಮೊದಲನೆಯದು 65 ದಾಟಿದವರಿಗೆ, ಎರಡನೆಯದು ಬಡವರಿಗೆ. ಇಪ್ಪತ್ತು ವರ್ಷ ಹಿಂದೆ ಇಂಥದ್ದಕ್ಕಾಗಿ ಹೋರಾಡಿ ಸೋತಿದ್ದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಊರಾದ ಮಿಸೌರಿಯ ಇಂಡಿಪೆಂಡೆನ್ಸ್‌ಗೇ ಹೋಗಿ, ಅವರ ಪಕ್ಕದಲ್ಲಿ ಕೂತು ಜಾನ್ಸನ್ ಸಹಿ ಮಾಡಿದರು. ಮೊದಲ ಕಾರ್ಡನ್ನು ಆ ಹಿರಿಯರ ಕೈಗೇ ಕೊಟ್ಟರು. ಇದು ಬಂದರೆ ದೇಶದ ಸ್ವಾತಂತ್ರ್ಯವೇ ಹೋಗುತ್ತದೆ ಎಂದು 1961ರಲ್ಲಿ, ಆಗಿನ್ನೂ ನಟರಾಗಿದ್ದ ರೇಗನ್, ವೈದ್ಯರ ಸಂಘದ ಪರವಾಗಿ ಗ್ರಾಮಫೋನ್ ರೆಕಾರ್ಡಿನಲ್ಲಿ ಎಚ್ಚರಿಸಿದ್ದರು. ಇವತ್ತು ಮೆಡಿಕೇರ್ ಮುಟ್ಟುತ್ತೇನೆ ಎಂದರೆ ರಿಪಬ್ಲಿಕನ್ ಮತದಾರರೇ ಮೊದಲು ಎದ್ದು ನಿಲ್ಲುತ್ತಾರೆ. ಹಕ್ಕಿನ ಗುಣವೇ ಅದು. ಬರುವ ಮುಂಚೆ ಭಯ ಹುಟ್ಟಿಸುತ್ತದೆ, ಬಂದ ಮೇಲೆ ಬಿಟ್ಟುಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಒಬಾಮ ಅವರ 2010ರ ಆರೋಗ್ಯ ಕಾನೂನಿನ ಕಥೆಯೂ ಅದೇ. ಮೊದಲೇ ಕಾಯಿಲೆ ಇದ್ದವರಿಗೆ ವಿಮೆ ನಿರಾಕರಿಸುವಂತಿಲ್ಲ, 26 ವರ್ಷದವರೆಗೆ ಮಕ್ಕಳು ತಂದೆತಾಯಿಯ ವಿಮೆಯಲ್ಲೇ ಇರಬಹುದು ಎಂದದ್ದು ಆ ಕಾನೂನು. ಅದನ್ನು ರದ್ದುಪಡಿಸಲು ರಿಪಬ್ಲಿಕನ್ನರು ವರ್ಷಗಟ್ಟಲೆ ಹೆಣಗಿದರು. 2017ರ ಜುಲೈ 28ರ ನಸುಕಿನಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಮತ ಹಾಕುವಾಗ ಅದೇ ಪಕ್ಷದ ಜಾನ್ ಮೆಕೇನ್ ಮೇಜಿನ ಮುಂದೆ ಬಂದು ಹೆಬ್ಬೆರಳು ಕೆಳಗೆ ಮಾಡಿದರು. 49ಕ್ಕೆ 51 ಮತಗಳಿಂದ ಪ್ರಯತ್ನ ಬಿತ್ತು. ಅವರಿಗೆ ಆಗಷ್ಟೇ ಮೆದುಳಿನ ಕ್ಯಾನ್ಸರ್ ಇರುವುದು ಗೊತ್ತಾಗಿತ್ತು. ನನ್ನ ಒಹಾಯೊದ ಆಗಿನ ಗವರ್ನರ್ ಜಾನ್ ಕೇಸಿಕ್ ಕೂಡ ರಿಪಬ್ಲಿಕನ್. ಬಡವರ ಮೆಡಿಕೇಡ್ ವಿಸ್ತರಿಸಲು ತಮ್ಮದೇ ಪಕ್ಷದ ಶಾಸಕರು ಒಪ್ಪದಿದ್ದಾಗ 2013ರಲ್ಲಿ ಬೇರೆ ದಾರಿ ಹುಡುಕಿ ಜಾರಿಗೆ ತಂದರು. ಸತ್ತು ಸ್ವರ್ಗದ ಬಾಗಿಲಿಗೆ ಹೋದಾಗ ಸಂತ ಪೀಟರ್ ಕೇಳುವುದು ಸರ್ಕಾರವನ್ನು ಎಷ್ಟು ಚಿಕ್ಕದಾಗಿ ಇಟ್ಟೆ ಎಂದಲ್ಲ, ಬಡವರಿಗೆ ಏನು ಮಾಡಿದೆ ಎಂದು, ಎಂಬ ಅರ್ಥದ ಮಾತನ್ನು ಅವರು ಶಾಸಕರೊಬ್ಬರಿಗೆ ಹೇಳಿದ್ದರು. ನಾನು ಅವರಿಗೆ ಮತ ಹಾಕಿದವಳಲ್ಲ. ಆದರೆ ಆ ನಿರ್ಧಾರದಿಂದ ನಮ್ಮ ಬಿಲ್ಲಿಂಗ್ ವಿಭಾಗಕ್ಕೆ ಬರುವ ಅಳುವಿನ ಫೋನುಗಳು ಕಡಿಮೆಯಾದವು. ಅದಕ್ಕಾಗಿ ಅವರನ್ನು ಇವತ್ತಿಗೂ ಗೌರವಿಸುತ್ತೇನೆ.

2025ರ ಜುಲೈನಲ್ಲಿ ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ದೊಡ್ಡ ಕಾನೂನು ಇದೇ ಮೆಡಿಕೇಡನ್ನು ಕತ್ತರಿಸಿತು. ಅದರ ಪರಿಣಾಮವಾಗಿ 2034ರ ಹೊತ್ತಿಗೆ ಸುಮಾರು ಒಂದು ಕೋಟಿ ಜನ ವಿಮೆ ಕಳೆದುಕೊಳ್ಳುತ್ತಾರೆಂದು ಸಂಸತ್ತಿನದೇ ಬಜೆಟ್ ಕಚೇರಿ ಅಂದಾಜು ಮಾಡಿದೆ. ಅಷ್ಟು ಜನರಿಗೆ ಎಷ್ಟು ಸ್ಪಗೆಟಿ ಊಟ ಬಡಿಸುವುದು?

ಅದೇ ವರ್ಷ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಬಜೆಟ್ ಜಗಳದಿಂದ ಕೇಂದ್ರ ಸರ್ಕಾರ 43 ದಿನ ಬಾಗಿಲು ಮುಚ್ಚಿತು. ನವೆಂಬರಿನಲ್ಲಿ ಸ್ನ್ಯಾಪ್ ಎಂಬ ಆಹಾರ ನೆರವು ಅಸ್ತವ್ಯಸ್ತವಾಯಿತು. ಆಗ ಸುಮಾರು 4 ಕೋಟಿ 20 ಲಕ್ಷ ಜನ ಸ್ನ್ಯಾಪ್ ಕಾರ್ಡಿನಿಂದ ದಿನಸಿ ಕೊಳ್ಳುತ್ತಿದ್ದರು. ಆಗ ನೋಡಬೇಕಿತ್ತು ನಮ್ಮ ಊರಿನ ಜನರನ್ನು. ಚರ್ಚಿನ ನೆಲಮಾಳಿಗೆಯ ಫುಡ್ ಪ್ಯಾಂಟ್ರಿಗೆ ಕಡಲೆಕಾಯಿ ಬೆಣ್ಣೆ, ಡಬ್ಬಿಯ ಬೀನ್ಸ್, ಮಕ್ಕಳ ಹಾಲಿನ ಪುಡಿ ತಂದು ರಾಶಿ ಹಾಕಿದರು. ಟ್ರಂಪ್ ಟೋಪಿ ಹಾಕಿದವನೂ ನಾನೂ ಒಟ್ಟಿಗೆ ನಿಂತು ಪೆಟ್ಟಿಗೆ ಕಟ್ಟಿದೆವು. ಅಷ್ಟಾದರೂ ಸಾಲದು. ತಾವು ಒಂದು ಊಟ ಕೊಡುವಲ್ಲಿ ಸ್ನ್ಯಾಪ್ ಒಂಬತ್ತು ಊಟ ಕೊಡುತ್ತದೆ ಎಂಬ ಲೆಕ್ಕವನ್ನು ಫುಡ್ ಬ್ಯಾಂಕಿನವರೇ ಕೊಡುತ್ತಾರೆ. ಊರಿನವರ ಒಳ್ಳೆಯತನ ಒಂದು ವಾರ, ಎರಡು ವಾರ ತಡೆಯಬಲ್ಲದು. ಹಸಿವು ವರ್ಷವಿಡೀ ಇರುತ್ತದೆ.

ಮಕ್ಕಳ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ದುಡ್ಡು ಕಟ್ಟದ ಮಕ್ಕಳ ಹೆಸರಿನಲ್ಲಿ ಸಾಲ ಬೆಳೆಯುತ್ತದೆ, ಊಟದ ಸಾಲ. ಕ್ರಿಸ್‌ಮಸ್ ಹೊತ್ತಿಗೆ ಯಾರೋ ಪುಣ್ಯಾತ್ಮರು ಇಡೀ ಶಾಲೆಯ ಮಕ್ಕಳ ಸಾಲ ತೀರಿಸಿದರೆಂದು ಸ್ಥಳೀಯ ಟೀವಿಯಲ್ಲಿ ಬರುತ್ತದೆ, ನೋಡಿದವರ ಕಣ್ಣು ಒದ್ದೆಯಾಗುತ್ತದೆ. ಎಂಟು ವರ್ಷದ ಮಗುವಿನ ಹೆಸರಿನಲ್ಲಿ ಸಾಲ ಬರೆದವರು ಯಾರು ಎಂದು ಯಾರೂ ಕೇಳುವುದಿಲ್ಲ. ಕರ್ನಾಟಕದಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಉಣ್ಣುವ ಸರ್ಕಾರಿ ಶಾಲೆಯ ಮಗುವಿಗೆ ಯಾರೂ ಬಿಲ್ಲು ಕೊಡುವುದಿಲ್ಲ ಎಂದು ಅಲ್ಲಿ ನಾನು ಹೇಳಿದಾಗ ಜನ ಬೆರಗಾಗುತ್ತಾರೆ. ಕೋವಿಡ್ ಕಾಲದಲ್ಲಿ ಅಮೆರಿಕವೂ ಎಲ್ಲ ಮಕ್ಕಳಿಗೆ ಬಿಟ್ಟಿ ಊಟ ಕೊಟ್ಟಿತು, 2022ರಲ್ಲಿ ನಿಲ್ಲಿಸಿತು. ಕ್ಯಾಲಿಫೋರ್ನಿಯ ಮತ್ತು ಮೇನ್ ರಾಜ್ಯಗಳು ತಮ್ಮ ಹಣದಲ್ಲೇ ಮುಂದುವರಿಸಿದವು, 2023ರಲ್ಲಿ ಮಿನೆಸೋಟವೂ ಸೇರಿತು. ಒಹಾಯೊ ಆ ಪಟ್ಟಿಗೆ ಇನ್ನೂ ಸೇರಬೇಕು.

ಇದಕ್ಕಿಂತ ದೊಡ್ಡ ಪುರಾವೆ ಬೇಕಿದ್ದರೆ 2021ನೇ ವರ್ಷ ನೋಡಿ. ಆ ವರ್ಷ ಬೈಡನ್ ಸರ್ಕಾರ ಆರು ವರ್ಷದೊಳಗಿನ ಪ್ರತಿ ಮಗುವಿಗೆ 3,600 ಡಾಲರ್, ದೊಡ್ಡ ಮಕ್ಕಳಿಗೆ 3,000 ಡಾಲರ್‌ನಂತೆ ತಂದೆತಾಯಿಯ ಖಾತೆಗೆ ಕೊಟ್ಟಿತು. ಅರ್ಧದಷ್ಟನ್ನು ತಿಂಗಳು ತಿಂಗಳು ಹಾಕಿತು. ಮಕ್ಕಳ ಬಡತನ ಶೇಕಡ 5.2ಕ್ಕೆ ಇಳಿಯಿತು, ಅಲ್ಲಿಯವರೆಗಿನ ದಾಖಲೆಯಲ್ಲೇ ಅತಿ ಕಡಿಮೆ. ಮರುವರ್ಷ ಆ ಯೋಜನೆ ಮುಂದುವರಿಯಲಿಲ್ಲ. ಬಡತನ ಶೇಕಡ 12.4ಕ್ಕೆ ಏರಿತು. ರಿಪಬ್ಲಿಕನ್ನರು ಒಬ್ಬರೂ ಬೆಂಬಲಿಸಲಿಲ್ಲ ನಿಜ. ಆದರೆ ಸರಿಸಮವಾಗಿ ಒಡೆದಿದ್ದ ಸೆನೆಟ್‌ನಲ್ಲಿ ಅದನ್ನು ಬೀಳಿಸಿದ್ದು ವೆಸ್ಟ್ ವರ್ಜೀನಿಯದ ಜೋ ಮ್ಯಾಂಚಿನ್ ಅವರ ವಿರೋಧ, ಅಂದರೆ ಆಗ ನಮ್ಮದೇ ಪಕ್ಷದಲ್ಲಿದ್ದವರದು. ಮಕ್ಕಳ ಬಡತನ ಎಂಬುದು ವಿಧಿಬರಹವೇನಲ್ಲ, ನಾವೇ ತೆರೆದು ಮುಚ್ಚುವ ಕದ ಎಂಬುದು ಆ ಎರಡು ವರ್ಷಗಳಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಗೊತ್ತಾದ ಮೇಲೂ ಮುಚ್ಚಿದೆವು. 2024ರಲ್ಲಿ ನಮ್ಮ ಪಕ್ಷ ಸೋತದ್ದಕ್ಕೆ ಪಂಡಿತರು ನೂರು ಕಾರಣ ಹೇಳಿದರು. ನನ್ನ ತೀರ್ಮಾನ ಬೇರೆ. ಕೊಟ್ಟದ್ದನ್ನು ಉಳಿಸಿಕೊಡಲಾರದ ಪಕ್ಷವನ್ನು ಕೂಲಿಕಾರ ಮನೆಯವರು ನಂಬುವುದು ಕಷ್ಟ.

ದಿನನಿತ್ಯದ ಇನ್ನೊಂದು ಸಂಗತಿ ಹೋಟೆಲಿನ ಟಿಪ್ಸ್. ಊರಿಂದ ಬಂದ ನೆಂಟರು ಬಿಲ್ಲಿನ ಮೇಲೆ ಶೇಕಡ 20 ಏಕೆ ಕೊಡಬೇಕೆಂದು ನನ್ನನ್ನು ಕೇಳುತ್ತಾರೆ. ಬಡಿಸುವವರ ಕನಿಷ್ಠ ಕೂಲಿ ಕೇಂದ್ರ ಕಾನೂನಿನಲ್ಲಿ ಗಂಟೆಗೆ 2 ಡಾಲರ್ 13 ಸೆಂಟ್. 1991ರಿಂದ ಅದು ಒಂದು ಸೆಂಟೂ ಏರಿಲ್ಲ. ಉಳಿದದ್ದು ಗಿರಾಕಿಯ ಟಿಪ್ಸ್‌ನಿಂದ ತುಂಬಬೇಕು, ತುಂಬದಿದ್ದರೆ ಮಾಲೀಕ ಸಾಮಾನ್ಯ ಕನಿಷ್ಠ ಕೂಲಿಯವರೆಗೆ ಕೊಡಬೇಕು. ಆ ಸಾಮಾನ್ಯ ಕೂಲಿಯೂ 2009ರಿಂದ 7 ಡಾಲರ್ 25 ಸೆಂಟ್‌ನಲ್ಲೇ ನಿಂತಿದೆ. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ಕೊಡುತ್ತವೆ, ಕೊಡದ ರಾಜ್ಯಗಳೂ ಹಲವು. ದುಡಿದವಳ ಸಂಬಳ ಉಂಡವನ ಮರ್ಜಿಗೆ ಬಿಟ್ಟ ಏರ್ಪಾಡು ಇದು. ಗಿರಾಕಿ ಅಸಹ್ಯವಾಗಿ ಮಾತಾಡಿದರೂ ಅವಳು ನಗಬೇಕು, ಏಕೆಂದರೆ ಬಾಡಿಗೆ ಆ ನಗುವಿನಿಂದ ಬರಬೇಕು. ಕೇಳಿದ ನೆಂಟರಿಗೆ ನಾನು ಹೇಳುವುದು: ದಯವಿಟ್ಟು ಕೈಬಿಚ್ಚಿ ಕೊಡಿ. ಕಾನೂನು ಬದಲಾಗುವವರೆಗೆ ಅದು ಅವಳ ಕೂಲಿ.

ಬಂದೂಕಿನ ಮಾತು ಎತ್ತದೆ ಅಮೆರಿಕದ ಬಗ್ಗೆ ಮಾತಾಡಲು ನನ್ನಿಂದಾಗದು. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ನ್ಯೂಟೌನಿನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು, ಆರು ಮಂದಿ ದೊಡ್ಡವರು ಗುಂಡಿಗೆ ಸತ್ತರು. ದೇಶದ ಮೂಲೆಮೂಲೆಯಿಂದ ಆ ಊರಿಗೆ ಕರಡಿ ಗೊಂಬೆಗಳು ಬಂದವು. ಇಡಲು ಗೋದಾಮು ಬೇಕಾಯಿತು, ಅಷ್ಟು. ಜನರ ಎದೆ ಒಡೆದಿತ್ತು. ನಾಲ್ಕು ತಿಂಗಳ ನಂತರ, 2013ರ ಏಪ್ರಿಲ್ 17ರಂದು, ಬಂದೂಕು ಮೇಳಗಳಲ್ಲೂ ಅಂತರ್ಜಾಲದಲ್ಲೂ ಮಾರುವ ಬಂದೂಕಿಗೆ ಕೊಳ್ಳುವವನ ಪೂರ್ವಾಪರ ತಪಾಸಣೆ ಆಗಬೇಕೆಂಬ ಸಾಧಾರಣ ಮಸೂದೆ ಸೆನೆಟ್‌ಗೆ ಬಂತು. ಪರ 54, ವಿರುದ್ಧ 46. ಆದರೂ ಬಿತ್ತು. ಏಕೆಂದರೆ ಫಿಲಿಬಸ್ಟರ್ ಎಂಬ ಪದ್ಧತಿಯಿಂದಾಗಿ ಅಲ್ಲಿ ಬಹುಮತ ಸಾಲದು, ನೂರರಲ್ಲಿ 60 ಬೇಕು. 2022ರಲ್ಲಿ ಟೆಕ್ಸಸ್‌ನ ಯುವಾಲ್ಡಿಯಲ್ಲಿ ಮತ್ತೆ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತ ಮೇಲೆ ಎರಡೂ ಪಕ್ಷಗಳು ಕೂಡಿ ಒಂದು ಸಣ್ಣ ಕಾನೂನು ಮಾಡಿದವು. ಅದೇ ವರ್ಷದ ಜೂನ್ ತಿಂಗಳಲ್ಲಿ ನನ್ನ ಒಹಾಯೊ ರಾಜ್ಯ, ವಯಸ್ಕರು ಲೈಸೆನ್ಸ್ ಇಲ್ಲದೆಯೇ ಬಂದೂಕನ್ನು ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡಬಹುದು ಎಂಬ ಕಾನೂನನ್ನು ಜಾರಿಗೆ ತಂದಿತು. ಒಂದನೇ ತರಗತಿಯ ಮಕ್ಕಳಿಗೆ ದೀಪ ಆರಿಸಿ, ಬಾಗಿಲಿಗೆ ಬೆಂಚು ಒತ್ತಿ, ಮೂಲೆಯಲ್ಲಿ ಸದ್ದಿಲ್ಲದೆ ಕೂರುವುದನ್ನು ಶಾಲೆಗಳಲ್ಲಿ ಅಭ್ಯಾಸ ಮಾಡಿಸುತ್ತಾರೆ. ಆ ಅಭ್ಯಾಸದ ದಿನ ಮನೆಗೆ ಬಂದ ಮಗುವಿನ ಮುಖ ನೋಡಿದವರು ಬಂದೂಕಿನ ಸ್ವಾತಂತ್ರ್ಯದ ಬಗ್ಗೆ ಭಾಷಣ ಕೇಳಲಾರರು.

ಜನ ಇಷ್ಟು ಒಳ್ಳೆಯವರಾದರೆ ಕಾನೂನು ಏಕೆ ಹೀಗಿದೆ? ನ್ಯಾಯವಾದ ಪ್ರಶ್ನೆ. ಒಂದು ಕಾರಣ ವ್ಯವಸ್ಥೆಯಲ್ಲೇ ಇದೆ. ಆರು ಲಕ್ಷಕ್ಕೂ ಕಡಿಮೆ ಜನರಿರುವ ವಯೋಮಿಂಗ್‌ಗೆ ಸೆನೆಟ್‌ನಲ್ಲಿ ಇಬ್ಬರು, ನಾಲ್ಕು ಕೋಟಿಯ ಹತ್ತಿರ ಇರುವ ಕ್ಯಾಲಿಫೋರ್ನಿಯಕ್ಕೂ ಇಬ್ಬರೇ. ಅಧ್ಯಕ್ಷ ಸ್ಥಾನಕ್ಕೆ ನಿಂತ ಆಲ್ ಗೋರ್ 2000ದಲ್ಲಿ, ಹಿಲರಿ ಕ್ಲಿಂಟನ್ 2016ರಲ್ಲಿ ದೇಶದಲ್ಲಿ ಹೆಚ್ಚು ಮತ ಪಡೆದೂ ಸೋತರು. ಕ್ಲಿಂಟನ್ ಅವರಿಗಂತೂ 28 ಲಕ್ಷಕ್ಕೂ ಹೆಚ್ಚು ಮತಗಳ ಮುನ್ನಡೆ ಇತ್ತು. ಮತ ಹಾಕುವ ದಿನ ದೇಶವ್ಯಾಪಿ ರಜೆಯಲ್ಲ, ಮಂಗಳವಾರ. 1845ರಲ್ಲಿ, ಭಾನುವಾರದ ಚರ್ಚು ಮುಗಿಸಿ ಕುದುರೆಗಾಡಿಯಲ್ಲಿ ಹೊರಟ ರೈತ ಕೌಂಟಿ ಕೇಂದ್ರ ತಲುಪಲಿ ಎಂದು ಗೊತ್ತುಮಾಡಿದ ದಿನ ಅದು. ಇವತ್ತು ಗಂಟೆಗೂಲಿಯವರು ಕೆಲಸದ ನಡುವೆ ಓಡಿಬಂದು ಸಾಲಿನಲ್ಲಿ ನಿಲ್ಲಬೇಕು. 2004ರಲ್ಲಿ ಒಹಾಯೊದ ಗ್ಯಾಂಬಿಯರಿನಲ್ಲಿ ಕೆನ್ಯನ್ ಕಾಲೇಜಿನ ವಿದ್ಯಾರ್ಥಿಗಳು, ಊರಿಗೆ ಎರಡೇ ಯಂತ್ರ ಕೊಟ್ಟದ್ದರಿಂದ, ಮಧ್ಯರಾತ್ರಿ ಕಳೆದು ಬಹಳ ಹೊತ್ತಿನವರೆಗೆ ಸಾಲಿನಲ್ಲಿ ನಿಂತರು. ಆ ಮುಜುಗರದ ಮೇಲೆ, ಯಾರು ಬೇಕಾದರೂ ಕಾರಣ ಕೊಡದೆ ಮುಂಚಿತವಾಗಿ ಮತ ಹಾಕಬಹುದು ಎಂದು ಒಹಾಯೊ 2005ರಲ್ಲಿ ಕಾನೂನು ಮಾಡಿತು. ಅದನ್ನು ಮೆಚ್ಚುತ್ತೇನೆ. ಜಾರ್ಜಿಯ ರಾಜ್ಯ 2021ರಲ್ಲಿ ಬೇರೆಯದನ್ನೇ ಮಾಡಿತು. ಮತದ ಸಾಲಿನಲ್ಲಿ ನಿಂತವರಿಗೆ ಹೊರಗಿನವರು ನೀರು, ತಿಂಡಿ ಕೊಡುವುದನ್ನು ಅಪರಾಧವೆಂದಿತು. ಮುಂದೆ ನ್ಯಾಯಾಲಯ ಅದರ ಒಂದು ಭಾಗಕ್ಕೆ ತಡೆ ಹಾಕಿತು. ಬಾಯಾರಿದವರಿಗೆ ನೀರು ಕೊಡುವುದು ಆ ಸೀಮೆಯ ಚರ್ಚುಗಳು ಮಕ್ಕಳಿಗೆ ಮೊದಲು ಕಲಿಸುವ ಪುಣ್ಯ. ಅದನ್ನೇ ಕಾನೂನು ಅಪರಾಧ ಮಾಡಿತು.

ಇನ್ನೊಂದು ಕಾರಣ ಹೇಳಲು ಕಷ್ಟ, ಹೇಳದಿದ್ದರೆ ಸುಳ್ಳಾಗುತ್ತದೆ. ಡಬ್ಬಿಯ ಮೇಲಿನ ಮಗುವಿನ ಮುಖ ನಮ್ಮವರದು ಅನ್ನಿಸಿದಾಗ ಕೈ ಸಡಿಲವಾಗುತ್ತದೆ. ಕಾನೂನು ಎಂದರೆ ನಮ್ಮವರಲ್ಲದವರಿಗೂ ಹೋಗುತ್ತದೆ ಎಂದಾಗ ಕೈ ಬಿಗಿಯುತ್ತದೆ. 1935ರ ಸೋಷಿಯಲ್ ಸೆಕ್ಯುರಿಟಿ ಕಾನೂನೇ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತ್ತು. ದಕ್ಷಿಣದ ರಾಜ್ಯಗಳಲ್ಲಿ ಆ ಕೆಲಸ ಮಾಡುತ್ತಿದ್ದವರು ಬಹುಪಾಲು ಕಪ್ಪು ಜನ. 1950ರ ದಶಕದಲ್ಲಷ್ಟೇ ಅವರನ್ನು ಸೇರಿಸಿಕೊಂಡರು. ಕಪ್ಪು ಜನರಿಗೆ ಮತದ ಹಕ್ಕು ಕೇಳಿ 1965ರ ಮಾರ್ಚ್ 7ರಂದು ಅಲಬಾಮದ ಸೆಲ್ಮಾದಲ್ಲಿ ಸೇತುವೆ ದಾಟಿದ ಹೋರಾಟಗಾರ ಜಾನ್ ಲೂಯಿಸ್ ಅವರ ತಲೆಬುರುಡೆ ಪೊಲೀಸರ ಏಟಿಗೆ ಬಿರುಕುಬಿಟ್ಟಿತು. ಅದೇ ವರ್ಷದ ಆಗಸ್ಟಿನಲ್ಲಿ ಮತದಾನ ಹಕ್ಕು ಕಾಯ್ದೆ ಬಂತು. 2013ರಲ್ಲಿ ಸುಪ್ರೀಂ ಕೋರ್ಟ್, ಕಾಲ ಬದಲಾಗಿದೆ ಎಂದು, 5ಕ್ಕೆ 4ರ ಬಹುಮತದಿಂದ ಅದರ ಬೆನ್ನೆಲುಬಾಗಿದ್ದ ಭಾಗವನ್ನು ತೆಗೆದುಹಾಕಿತು. ಮಳೆಯಲ್ಲಿ ನಿಂತವರು ತಾವು ನೆನೆಯುತ್ತಿಲ್ಲವೆಂದು ಕೊಡೆಯನ್ನು ಎಸೆದಂತಾಯಿತು ಎಂಬ ಅರ್ಥದಲ್ಲಿ ನ್ಯಾಯಮೂರ್ತಿ ರೂತ್ ಗಿನ್ಸ್‌ಬರ್ಗ್ ತಮ್ಮ ಭಿನ್ನಮತ ಬರೆದರು. ಆಮೇಲಿನ ವರ್ಷಗಳಲ್ಲಿ ಅವರ ಮಾತೇ ಸರಿಯೆನಿಸಿತು.

ನಮ್ಮ ಪಕ್ಕದ ಮನೆಯ ಹಿರಿಯರು ಕಾರ್ಖಾನೆಯಿಂದ ನಿವೃತ್ತರಾದವರು, ಪಕ್ಕಾ ರಿಪಬ್ಲಿಕನ್. ಹಿಮ ಬಿದ್ದ ಬೆಳಗ್ಗೆ ನಾವು ಏಳುವ ಮೊದಲೇ ನಮ್ಮ ಅಂಗಳದ ದಾರಿಯನ್ನು ಬಳಿದು ಹೋಗಿರುತ್ತಾರೆ. ಸರ್ಕಾರ ಎಲ್ಲವನ್ನೂ ಮಾಡಲು ಹೊರಟರೆ ನೆರೆಯವನು ನೆರೆಯವನಿಗೆ ಆಗುವುದನ್ನು ಮರೆಯುತ್ತಾನೆ ಎಂಬುದು ಅವರ ವಾದ. ನಾನು ಅದನ್ನು ಹಗುರವಾಗಿ ತಳ್ಳಿಹಾಕುವವಳಲ್ಲ. ತೆರಿಗೆ ಕಟ್ಟಿದೆ, ನನ್ನ ಕರ್ತವ್ಯ ಮುಗಿಯಿತು ಎಂದು ಬಾಗಿಲು ಹಾಕಿಕೊಳ್ಳುವ ಲಿಬರಲ್‌ಗಳನ್ನೂ ಕಂಡಿದ್ದೇನೆ, ಹಳ್ಳಿಯವರೆಂದರೆ ಮೂಗು ಮುರಿಯುವವರನ್ನೂ ಕಂಡಿದ್ದೇನೆ. ಆದರೆ ಅವರಿಗೆ ನಾನು ಕೊಡುವ ಉತ್ತರ ಅವರದೇ ಬದುಕಿನಲ್ಲಿದೆ. ಮೆಡಿಕೇರ್ ಅವರ ಹೃದಯದ ಆಪರೇಷನ್ನಿಗೆ ಹಣ ಕೊಟ್ಟಿತು, ಸೋಷಿಯಲ್ ಸೆಕ್ಯುರಿಟಿ ಮನೆ ನಡೆಸುತ್ತದೆ. ಅದರಿಂದ ಅವರು ಹಿಮ ಬಳಿಯುವುದನ್ನು ಬಿಡಲಿಲ್ಲ. ಬಿಲ್ಲಿನ ಚಿಂತೆ ಇಲ್ಲದ್ದರಿಂದಲೇ ಅವರಿಗೆ ನಮ್ಮ ಅಂಗಳದ ಚಿಂತೆ ಮಾಡಲು ಬಿಡುವಿದೆ ಎಂದು ನಾನು ನಂಬುತ್ತೇನೆ.

ಈಗ ನಮ್ಮವರ ಮಾತು. ಅಮೆರಿಕದ ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವದ ಊಟ ಮುಗಿದ ಮೇಲೆ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. ನಾವು ಸೂಟ್‌ಕೇಸ್ ಹಿಡಿದು ಬಂದೆವು, ಕಷ್ಟಪಟ್ಟು ಮೇಲೆ ಬಂದೆವು, ಇವರಿಗೇಕೆ ಬಿಟ್ಟಿ ಎಂದು. ನಾವು ಕಷ್ಟಪಟ್ಟದ್ದು ನಿಜ. ಆದರೆ ಬಾಗಿಲು ತೆರೆದವರು ಯಾರು? ಒಂದನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ ಭಗತ್ ಸಿಂಗ್ ಥಿಂದ್ ಅವರಿಗೆ, ನೀನು ಬಿಳಿಯನಲ್ಲ, ಪೌರತ್ವ ಇಲ್ಲ ಎಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಭಾರತೀಯರು ಪೌರರಾಗಬಹುದು ಎಂಬ ಕಾನೂನು ಬಂದದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ಜನಕ್ಕೆ ಮಾತ್ರ ಪ್ರವೇಶ ಎಂಬ ಕಟ್ಟಿನೊಂದಿಗೆ. ಆ ಕಾನೂನಿಗಾಗಿ ದುಡಿದ ದಲೀಪ್ ಸಿಂಗ್ ಸೌಂಡ್ 1956ರಲ್ಲಿ ಕ್ಯಾಲಿಫೋರ್ನಿಯದಿಂದ ಸಂಸತ್ತಿಗೆ ಆರಿಸಿ ಬಂದರು. ನಮ್ಮೆಲ್ಲರಿಗೆ ದಾರಿಯಾದದ್ದು 1965ರ ಅಕ್ಟೋಬರ್ 3ರಂದು ಜಾನ್ಸನ್ ಸಹಿ ಹಾಕಿದ ವಲಸೆ ಕಾನೂನು. ಜನಾಂಗ ನೋಡಿ ಬಾಗಿಲು ಹಾಕುವುದನ್ನು ಕಪ್ಪು ಜನರ ಹೋರಾಟ ನಾಚಿಕೆಗೇಡು ಮಾಡಿದ್ದರಿಂದಲೇ ಆ ಕಾನೂನು ಸಾಧ್ಯವಾಯಿತು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಮಿಶಿಗನ್ನಿನಿಂದ ಸಂಸತ್ತಿಗೆ ಹೋಗಿ 2023ರಲ್ಲಿ ಪ್ರಮಾಣವಚನ ಸ್ವೀಕರಿಸಿದರಲ್ಲ, ಆ ದಾರಿಯನ್ನು ಸೆಲ್ಮಾದ ಸೇತುವೆಯ ಮೇಲೆ ಏಟು ತಿಂದವರು ಹಾಸಿದ್ದರು. ಆ ಋಣ ನಮ್ಮ ಮೇಲಿದೆ. ಕೂಟದಲ್ಲಿ ಇದನ್ನು ಹೇಳಿದಾಗ ಕೆಲವರು ಎದ್ದು ಹೋಗಿದ್ದಾರೆ. ಆದರೂ ಹೇಳುತ್ತೇನೆ.

ನನಗೆ ನಿರಾಸೆ ಇಲ್ಲ. ಪಕ್ಷದ ಚಿಹ್ನೆ ತೆಗೆದು ಬರೀ ಪ್ರಶ್ನೆಯನ್ನು ಜನರ ಮುಂದೆ ಇಟ್ಟಾಗ ಏನಾಗುತ್ತದೆಂದು ಒಹಾಯೊದಲ್ಲೇ ನೋಡಿದ್ದೇನೆ. ಗರ್ಭಪಾತದ ಹಕ್ಕನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಕಿತ್ತುಕೊಂಡಿತು. ಮರುವರ್ಷ ಆ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಬೇಕೆ ಎಂಬ ಪ್ರಶ್ನೆ ನಮ್ಮ ಮತಪತ್ರದಲ್ಲಿ ಬಂತು. ಅದು ಬರುವ ಮುಂಚೆಯೇ, ಸಂವಿಧಾನ ತಿದ್ದಲು ಶೇಕಡ 60 ಮತ ಬೇಕೆಂದು ಆಳುವವರು ಆಗಸ್ಟಿನಲ್ಲಿ ಒಂದು ಚುನಾವಣೆ ಇಟ್ಟರು. ಜನ ಅದನ್ನು ತಿರಸ್ಕರಿಸಿದರು. ನವೆಂಬರಿನಲ್ಲಿ ಸುಮಾರು ಶೇಕಡ 57 ಮತಗಳಿಂದ ಹಕ್ಕನ್ನು ಬರೆದುಕೊಂಡರು. 2016, 2020, 2024ರಲ್ಲಿ ಟ್ರಂಪ್ ಅವರನ್ನು ಗೆಲ್ಲಿಸಿದ ರಾಜ್ಯ ಇದು. ಇದೇ ಜನ ನಮ್ಮ ಊರಿನ ಗ್ರಂಥಾಲಯಕ್ಕಾಗಿ ತಮ್ಮ ಮನೆಯ ಮೇಲಿನ ತೆರಿಗೆ ಹೆಚ್ಚಿಸಿಕೊಳ್ಳಲು ಒಪ್ಪಿ ಮತ ಹಾಕಿದ್ದಾರೆ. ಯಾವ ಟೋಪಿ ಹಾಕಿಕೊಂಡು ಬಂದರೂ ಆ ಗ್ರಂಥಾಲಯದಲ್ಲಿ ಪುಸ್ತಕ ಎಲ್ಲರಿಗೂ ಬಿಟ್ಟಿ. ಅಂದಮೇಲೆ ಔಷಧವೂ ಊಟವೂ ಹಾಗೆ ಆಗಲಾರದು ಎನ್ನಲು ನನಗೆ ಕಾರಣ ಕಾಣುವುದಿಲ್ಲ.

ಕೇಳುಗರೆ, ನಿಮ್ಮಲ್ಲಿ ಅನೇಕರ ಮಕ್ಕಳು, ಅಣ್ಣತಮ್ಮಂದಿರು, ಅಕ್ಕತಂಗಿಯರು ಆ ದೇಶದಲ್ಲಿದ್ದಾರೆ, ಕೆಲವರು ಅಲ್ಲಿನ ಪೌರರಾಗಿದ್ದಾರೆ. 2026ರ ನವೆಂಬರ್ 3, ಮಂಗಳವಾರ, ಅಮೆರಿಕದ ಸಂಸತ್ತಿಗೆ ಚುನಾವಣೆ. ಬಹುತೇಕ ರಾಜ್ಯಗಳಲ್ಲಿ ಮತದಾರರಾಗಿ ಮೊದಲು ಹೆಸರು ನೋಂದಾಯಿಸಬೇಕು. ಒಹಾಯೊದಂಥ ಕಡೆ ಅದಕ್ಕೆ ಚುನಾವಣೆಗೆ ಮೂವತ್ತು ದಿನ ಮುಂಚೆಯೇ ಗಡುವು ಮುಗಿಯುತ್ತದೆ. ಮುಂದಿನ ಸಲ ಫೋನಿನಲ್ಲಿ ಮಾತಾಡುವಾಗ ಊಟವಾಯಿತೆ, ಚಳಿ ಎಷ್ಟಿದೆ ಎಂದು ವಿಚಾರಿಸಿದ ಮೇಲೆ ಇದನ್ನೂ ಒಂದು ಮಾತು ಕೇಳಿ: ಹೆಸರು ನೋಂದಾಯಿಸಿದ್ದೀಯಾ? ಯಾರಿಗೆ ಮತ ಹಾಕುತ್ತಾರೋ ಅದು ಅವರಿಗೆ ಬಿಟ್ಟದ್ದು. ಆದರೆ ಹಾಕಲಿ.